ಮಾರ್ಟಿನಿ ಹೆನ್ರಿ: ಮುದ್ರೆಗಿಂತ ಮೊದಲು ಲಿವರ್ ನೋಡಿ

ಕತಾರಿನ ರಾಸ್ ಲಫಾನ್‌ನ ಅನಿಲ ಸ್ಥಾವರಗಳಲ್ಲಿ ದುಡಿಯುವ ಕನ್ನಡಿಗರಿಗೆ ಉಕ್ಕಿನ ಮೇಲಿನ ಗುರುತು ಓದುವುದು ದಿನನಿತ್ಯದ ಕೆಲಸ. ಪೈಪಿನ ಮೇಲಿನ ಹೀಟ್ ನಂಬರು ಸರ್ಟಿಫಿಕೇಟಿಗೆ ತಾಳೆಯಾಗದಿದ್ದರೆ ಅದನ್ನು ಒಳಗೇ ಬಿಡುವುದಿಲ್ಲ. ಅದೇ ಜನ ರಜೆಯ ದಿನ ಮ್ಯೂಸಿಯಮ್ಮಿಗೆ ಹೋದರೆ ಹಳೆಯ ಬಂದೂಕಿನ ಬೆಳ್ಳಿ ಕುಸುರಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಬೆಳ್ಳಿಯನ್ನು ಯಾವ ಕಾಲದಲ್ಲಾದರೂ ಕೂರಿಸಬಹುದು. ವಯಸ್ಸು ಹೇಳುವುದು ಕಬ್ಬಿಣದ ಭಾಗಗಳು.

ಕಲಿಯಲು ಮಾರ್ಟಿನಿ ಹೆನ್ರಿಯೇ ಸರಿ. ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡ ಈ ಕೋವಿಯಲ್ಲಿ ಹಿಡಿಕೆಯ ಕೆಳಗಿನ ಲಿವರ್ ಒತ್ತಿದರೆ ತೋಟೆಯ ಹಿಂಬದಿ ಮುಚ್ಚುವ ಬ್ಲಾಕ್ ಇಳಿದು ಖಾಲಿ ತೋಟೆ ಹೊರಬರುತ್ತದೆ. ಮುಂದೆ ಮಸ್ಕತ್ ದಾರಿಯಾಗಿ ಕೊಲ್ಲಿಯಲ್ಲಿ ಇಂಥ ಬಂದೂಕುಗಳ ವ್ಯಾಪಾರ ಭರ್ಜರಿಯಾಗಿ ನಡೆಯಿತು. ಕಳ್ಳ ಕೋವಿ ಹುಡುಕಲು 1910ರ ಡಿಸೆಂಬರಿನಲ್ಲಿ ಹಯಸಿಂತ್ ಎಂಬ ಬ್ರಿಟಿಷ್ ಯುದ್ಧನೌಕೆಯ ಪಡೆ ದುಬೈಯಲ್ಲಿ ಇಳಿದು ಕಾದಾಟವೇ ಆಯಿತು.

ಮೊದಲು ಲಿವರ್ ನೋಡಬೇಕು. ಆರಂಭದ ತೋಟೆಗಳು ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದವು. ಕೋವಿ ಬಿಸಿಯಾಗಿ ಒಳಗೆ ಮಸಿ ಕಟ್ಟಿದರೆ ತೋಟೆ ಸಿಕ್ಕಿಕೊಳ್ಳುತ್ತಿತ್ತು. 1885ರ ಸುಡಾನ್ ಯುದ್ಧದಲ್ಲಿ ಸೈನಿಕರು ಇದನ್ನು ಚೆನ್ನಾಗಿಯೇ ಅನುಭವಿಸಿದರು. ಗಿಡ್ಡ ಲಿವರ್‌ಗೆ ಅಷ್ಟು ಬಲವಿರಲಿಲ್ಲ. 1880ರ ದಶಕದ ಕೊನೆಯಲ್ಲಿ ಬಂದ ಮಾರ್ಕ್ 4 ಮಾದರಿಯಲ್ಲಿ ಲಿವರ್ ಉದ್ದವಾಯಿತು. ಈ ಲೇಖಕನ ಕಣ್ಣು ತೆರೆದದ್ದು ಅಂಥ ಎರಡು ಕೋವಿಗಳನ್ನು ಪಕ್ಕಪಕ್ಕ ಕಂಡಾಗಲೇ: ಒಂದರ ಲಿವರ್ ಹಿಡಿಕೆಯ ಬಳಿಯೇ ಮುಗಿದಿತ್ತು, ಇನ್ನೊಂದರದು ಹಿಂಬದಿಗೆ ಉದ್ದಕ್ಕೆ ಚಾಚಿತ್ತು. ಉದ್ದ ಲಿವರ್ ಇದ್ದೂ 1875 ಎಂದು ಕೊರೆದಿದ್ದರೆ ಆ ಕೋವಿಯ ಭಾಗಗಳು ಬದಲಾಗಿವೆ, ಇಲ್ಲವೇ ಇಸವಿಯೇ ಸುಳ್ಳು.

ಆಮೇಲೆ ಬಲಮಗ್ಗುಲಿನ ಮುದ್ರೆ. ಕಿರೀಟ, ವಿಕ್ಟೋರಿಯಾ ರಾಣಿಯ ವಿ.ಆರ್., ತಯಾರಕರ ಹೆಸರು, ಇಸವಿ, ಮಾರ್ಕ್ ಸಂಖ್ಯೆ ಸಾಲಾಗಿರುತ್ತವೆ. ಖೈಬರ್ ಕಡೆಯ ಕಮ್ಮಾರರು ಮುದ್ರೆಯನ್ನೂ ಬಿಡದೆ ನಕಲು ಮಾಡಿದರು. ಎನ್ ಅಕ್ಷರ ತಿರುವುಮುರುವಾಗಿದ್ದರೆ, ಅಥವಾ 1901ರಲ್ಲಿ ತೀರಿಕೊಂಡ ವಿಕ್ಟೋರಿಯಾಳ ವಿ.ಆರ್. ಜೊತೆ 1910ರ ದಶಕದ ಇಸವಿಯಿದ್ದರೆ, ಅದು ಬ್ರಿಟನ್ನಿನ ಎನ್‌ಫೀಲ್ಡ್ ಕಾರ್ಖಾನೆಯ ಮಾಲಲ್ಲ.

ಸಿನಿಮಾ ನೋಡಿ ಅಮೆರಿಕದ ವಿಂಚೆಸ್ಟರ್ ಕೋವಿ ಮೆಚ್ಚುವವರು 1873ರ ಮಾದರಿಯ ಮೇಲ್ಮುಚ್ಚಳವನ್ನಾದರೂ ನೋಡಲಿ. ಮೊದಮೊದಲು ಅದು ಬೇರೆಯಾಗಿ ಕೂರಿಸಿದ ಪಟ್ಟಿಗಳ ನಡುವೆ ಜಾರುತ್ತಿತ್ತು, ಆಮೇಲಿನವುಗಳಲ್ಲಿ ಪಟ್ಟಿ ದೇಹದಲ್ಲೇ ಕಡಿದದ್ದು. 1894ರ ಮಾದರಿಗೆ 1964 ಗಡಿ: ಖರ್ಚು ತಗ್ಗಿಸಲು ಆ ವರ್ಷ ತಗಡು ಒತ್ತಿ ಮಾಡಿದ ಭಾಗಗಳು ಬಂದವು.

ಅಲ್ ಸಮ್ರಿಯಾದ ಶೇಖ್ ಫೈಸಲ್ ಮ್ಯೂಸಿಯಮ್ಮಿನಲ್ಲಿ ಹಳೆಯ ಆಯುಧಗಳ ಸಂಗ್ರಹವಿದೆ. ಅಲ್ಲಿಗೆ ಹೋದವರು ಗಾಜಿನ ಬಲಬದಿಗೆ ನಿಂತು, ಬಗ್ಗಿ, ಮೊದಲು ಲಿವರ್ ಎಲ್ಲಿ ಮುಗಿಯುತ್ತದೆಂದು ನೋಡಲಿ.