ಮಾನುಷಪ್ರಮಾಣವೂ ದಿವ್ಯವೂ: ಅಗಾಥಾ ಕ್ರಿಸ್ಟಿಯವರ ‘ಕರ್ಟನ್’

ಪತ್ತೇದಾರಿ ಕಾದಂಬರಿಯನ್ನು ವಿದ್ವಾಂಸರು ವಿನೋದದ ವಾಙ್ಮಯವೆಂದೆಣಿಸಿ ಬದಿಗಿಡುವುದುಂಟು. ಗುಟ್ಟು ಹೊರಬಿದ್ದೊಡನೆ ಕುತೂಹಲವೂ ತೀರುವುದೆಂದೂ, ಮರಳಿ ಓದುವುದಕ್ಕೆ ಅದರಲ್ಲಿ ಏನೂ ಉಳಿಯದೆಂದೂ ಅವರ ಆಕ್ಷೇಪ. ಈ ಆಕ್ಷೇಪ ಬಹುಮಟ್ಟಿಗೆ ನಿಜವೇ. ಆದರೂ ಈ ಜಾತಿಯ ಗ್ರಂಥಗಳ ತಳಹದಿಯಲ್ಲಿ ಒಂದು ಶ್ರದ್ಧೆಯಿದೆ. ಅಪರಾಧವು ಎಷ್ಟೇ ಗೂಢವಾಗಿರಲಿ, ಮನುಷ್ಯಬುದ್ಧಿಯು ಸಾಕ್ಷ್ಯಗಳನ್ನು ಕಲೆಹಾಕಿ ಅಪರಾಧಿಯನ್ನು ಕಂಡುಹಿಡಿಯಬಲ್ಲುದು. ಮಿಕ್ಕುದನ್ನು ನ್ಯಾಯಸ್ಥಾನವು ನೋಡಿಕೊಳ್ಳುವುದು ಎಂಬುದೇ ಆ ಶ್ರದ್ಧೆ. ಬಾಳೆಲ್ಲ ಈ ಶ್ರದ್ಧೆಯ ಮೇಲೆಯೇ ಕಥೆಗಳನ್ನು ಕಟ್ಟಿದ ಲೇಖಕಿಯೊಬ್ಬರು ತಮ್ಮ ನಾಯಕನ ಕಡೆಯ ಕಥೆಯಲ್ಲಿ ಅದನ್ನೇ ಪರೀಕ್ಷೆಗೆ ಒಡ್ಡಿರುವರಾದರೆ, ಆ ಗ್ರಂಥವು ವಿಚಾರಕ್ಕೆ ಅರ್ಹವಾದುದು. ಅಗಾಥಾ ಕ್ರಿಸ್ಟಿಯವರ ‘ಕರ್ಟನ್’ ಅಂತಹ ಕಾದಂಬರಿ.

ಬೆಲ್ಜಿಯಂ ದೇಶದ ನಿವೃತ್ತ ಪೊಲೀಸ್ ಅಧಿಕಾರಿಯಾದ ಹರ್ಕ್ಯೂಲ್ ಪ್ವಾರೋ ಮೊದಲು ಕಾಣಿಸಿಕೊಂಡುದು 1920ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಎಂಬ ಕಾದಂಬರಿಯಲ್ಲಿ. ಮೊದಲನೆಯ ಮಹಾಯುದ್ಧದಿಂದ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದ ಅವನು ಮೂವತ್ತಮೂರು ಕಾದಂಬರಿಗಳಿಗೆ ನಾಯಕನಾದನು. ‘ಕರ್ಟನ್’ ಅಚ್ಚಾದುದು 1975ರಲ್ಲಿ. ಆದರೆ ಅದನ್ನು ಬರೆದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬರೆದು ಮುಗಿಸಿದ ಹಸ್ತಪ್ರತಿಯು ಮೂರು ದಶಕಗಳ ಕಾಲ ಭದ್ರವಾಗಿ ಮುಚ್ಚಿಟ್ಟಿತ್ತು. 1975ರ ಆಗಸ್ಟ್ 6ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಈ ಕಲ್ಪಿತ ವ್ಯಕ್ತಿಯ ಮರಣವಾರ್ತೆಯನ್ನು ತನ್ನ ಮೊದಲ ಪುಟದಲ್ಲಿಯೇ ಪ್ರಕಟಿಸಿತು. ಲೇಖಕಿಯವರು 1976ರ ಜನವರಿ 12ರಂದು ತೀರಿಕೊಂಡರು.

ಕಥೆ ಆರಂಭವಾದ ಸ್ಟೈಲ್ಸ್ ಭವನದಲ್ಲಿಯೇ ಕಥೆ ಮುಗಿಯುವುದು. ಅಂದಿನ ಸಿರಿವಂತರ ಮನೆ ಈಗ ಹಣತೆತ್ತು ತಂಗುವವರ ವಸತಿಗೃಹವಾಗಿದೆ. ಅಂದು ಚುರುಕಾಗಿದ್ದ ಪ್ವಾರೋ ಈಗ ಕೀಲುನೋವಿನಿಂದಲೂ ಹೃದ್ರೋಗದಿಂದಲೂ ಕುಗ್ಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದಾನೆ. ಅವನ ಹಳೆಯ ಮಿತ್ರನೂ ಕಥೆಯ ನಿರೂಪಕನೂ ಆದ ಹೇಸ್ಟಿಂಗ್ಸನು ಹೆಂಡತಿಯನ್ನು ಕಳೆದುಕೊಂಡು ಬಂದಿದ್ದಾನೆ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕೊಲೆಗಳ ವೃತ್ತಾಂತವನ್ನು ಪ್ವಾರೋ ಅವನ ಮುಂದಿಡುತ್ತಾನೆ. ಐದರ ಹತ್ತಿರವೂ ಸುಳಿದಾಡಿದ ವ್ಯಕ್ತಿ ಒಬ್ಬನೇ. ಆತನು ಈಗ ಇದೇ ಮನೆಯಲ್ಲಿದ್ದಾನೆ. ಆದರೆ ಆತನ ಹೆಸರನ್ನು ಮಾತ್ರ ಪ್ವಾರೋ ಹೇಳುವುದಿಲ್ಲ.

ಆ ವ್ಯಕ್ತಿ ನಾರ್ಟನ್. ದುರ್ಬೀನು ಹಿಡಿದು ಹಕ್ಕಿಗಳನ್ನು ನೋಡುತ್ತ ತಿರುಗುವ ಸಾಧುಸ್ವಭಾವದ ಮನುಷ್ಯನೆಂದೇ ಎಲ್ಲರೂ ಅವನನ್ನು ಬಲ್ಲರು. ಅವನು ಯಾರನ್ನೂ ಕೊಲ್ಲುವವನಲ್ಲ. ಕೊಲ್ಲೆಂದು ಯಾರಿಗೂ ಹೇಳುವವನೂ ಅಲ್ಲ. ಒಬ್ಬರ ಮನಸ್ಸಿನಲ್ಲಿ ಅಡಗಿರುವ ಕಹಿಯನ್ನು ಕಂಡುಕೊಂಡು, ಸಹಾನುಭೂತಿಯ ಒಂದು ಮಾತು, ತಡೆದಂತೆ ತೋರುವ ಒಂದು ಎಚ್ಚರಿಕೆ, ಪೌರುಷಕ್ಕೆ ಚುಚ್ಚುವ ಒಂದು ನಗೆ ಇಷ್ಟರಿಂದಲೇ ಅದನ್ನು ಕುದಿಯುವ ಮಟ್ಟಕ್ಕೆ ಏರಿಸುವವನು. ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯ ಮೂಲಕ ‘ಒಥೆಲೊ’ ನಾಟಕದ ವಸ್ತುವನ್ನು ಬಲ್ಲ ಕನ್ನಡಿಗರಿಗೆ ಈ ಪಾತ್ರದ ಮೂಲ ಸುಲಭವಾಗಿ ಹೊಳೆಯುವುದು. ಪ್ವಾರೋ ತನ್ನ ಮಿತ್ರನಿಗೆ ಸುಳಿವಾಗಿ ಬಿಟ್ಟುಹೋಗುವ ಪುಸ್ತಕಗಳಲ್ಲಿ ಆ ನಾಟಕವೂ ಒಂದು. ಇಯಾಗೋ ಕಡೆಗೆ ಸಿಕ್ಕಿಬೀಳುತ್ತಾನೆ. ಮಂಥರೆಯ ಪ್ರೇರಣೆಯೂ ಬಯಲಾಗಿಯೇ ಇರುವುದು. ನಾರ್ಟನನಾದರೋ ಯಾವ ಗುರುತನ್ನೂ ಉಳಿಸದ ಪ್ರೇರಕ.

ಈ ಕಲೆಯ ಶಕ್ತಿಯನ್ನು ಲೇಖಕಿಯವರು ಓದುಗನ ಕಣ್ಣೆದುರಿನಲ್ಲಿಯೇ, ಆದರೆ ಅವನಿಗೆ ತಿಳಿಯದಂತೆ, ತೋರಿಸಿರುವುದು ಗ್ರಂಥದ ಮುಖ್ಯ ಗುಣ. ಹೆಂಡತಿಯ ಮೂದಲಿಕೆಯನ್ನು ಸಹಿಸಿಕೊಂಡಿದ್ದ ಕರ್ನಲ್ ಲಟ್ರೆಲ್ ಮೊಲವೆಂದು ಗುಂಡು ಹಾರಿಸಿ ಆಕೆಯನ್ನು ಗಾಯಗೊಳಿಸುತ್ತಾನೆ. ಅದಕ್ಕಿಂತ ಭಯಂಕರವಾದುದು ಹೇಸ್ಟಿಂಗ್ಸನ ಪ್ರಸಂಗ. ಮಗಳು ಜೂಡಿತ್ ದುಶ್ಶೀಲನಾದ ಆಲರ್ಟನನ ವಶವಾಗುವಳೆಂಬ ಭಯದಿಂದ ಅವನು ಆಲರ್ಟನನಿಗೆ ವಿಷವಿಡಲು ಸಿದ್ಧನಾಗುತ್ತಾನೆ. ಪ್ವಾರೋ ಮದ್ದು ಬೆರಸಿದ ಚಾಕೊಲೇಟು ಪಾನೀಯವನ್ನು ಕುಡಿಸಿ ಅವನನ್ನು ನಿದ್ರೆಗೆಡಹದಿದ್ದರೆ ಆ ಕೊಲೆ ನಡೆದೇಹೋಗುತ್ತಿದ್ದಿತು. ಹೇಸ್ಟಿಂಗ್ಸನು ಮೊದಲ ಗ್ರಂಥದಿಂದಲೂ ಸರಳತೆಗೆ ಹೆಸರಾದವನು; 1937ರ ‘ಡಂಬ್ ವಿಟ್ನೆಸ್’ ಕಾದಂಬರಿಯ ತರುವಾಯ ಮಾಲೆಯ ಓದುಗರು ಅವನನ್ನು ಮತ್ತೆ ಕಾಣುವುದು ಇಲ್ಲಿಯೇ. ಅಂತಹವನು ಕೊಲೆಗೆ ಕೈಹಾಕುವುದು ಒಂದು ಬಿಡಿ ಕಾದಂಬರಿಯಲ್ಲಿ ಕೇವಲ ಘಟನೆ. ದೀರ್ಘವಾದ ಮಾಲೆಯ ತುದಿಯಲ್ಲಿ ಅದು ಓದುಗನ ಸ್ವಂತ ನೆಮ್ಮದಿಗೆ ಬೀಳುವ ಪೆಟ್ಟು. ಮಾಲೆಯೆಂಬ ರೂಪವು ಪುನರುಕ್ತಿಗೆ ಮಾತ್ರ ಎಡೆಗೊಡುವುದೆಂಬ ಅಭಿಪ್ರಾಯಕ್ಕೆ ಇದೇ ಸಮಾಧಾನ.

ಗ್ರಂಥದ ಅಂತರಾರ್ಥವು ಭಾರತೀಯ ಧರ್ಮಶಾಸ್ತ್ರದ ಬೆಳಕಿನಲ್ಲಿ ಇನ್ನಷ್ಟು ಸ್ಪಷ್ಟವಾಗುವುದು. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷಪ್ರಮಾಣಗಳನ್ನು ಹೇಳಿ, ಅವುಗಳಲ್ಲಿ ಯಾವುದೂ ಇಲ್ಲದೆಡೆ ಮಾತ್ರ ದಿವ್ಯವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಕಲ್ಯಾಣದ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯೆಯಲ್ಲಿ ವಿಸ್ತಾರವಾಗಿ ವಿಚಾರಿಸಿದ್ದಾನೆ. ಕೊಲೆಯ ಪಾಪದಲ್ಲಿ ಕರ್ತೃವಿಗಲ್ಲದೆ ಪ್ರಯೋಜಕ, ಅನುಮಂತೃ ಮೊದಲಾದವರಿಗೂ ಪಾಲುಂಟೆಂಬುದನ್ನು ಅದೇ ವ್ಯಾಖ್ಯೆ ಚರ್ಚಿಸುತ್ತದೆ. ನಾರ್ಟನನು ಪ್ರಯೋಜಕನೇ ಸರಿ. ಆದರೆ ಅವನ ಪ್ರಯೋಜಕತ್ವಕ್ಕೆ ಮಾನುಷಪ್ರಮಾಣವಾವುದೂ ಇಲ್ಲ. ಪ್ರಮಾಣವನ್ನೇ ನಂಬಿ ಬಾಳಿದ ಪತ್ತೇದಾರನಿಗೆ ಇದಕ್ಕಿಂತ ದೊಡ್ಡ ಸೋಲು ಯಾವುದು?

ವಿಷದಿವ್ಯದ ಮಾತು ಕಥೆಗೆ ಹೊರಗಿನದಲ್ಲ. ಜೂಡಿತ್ ಕೆಲಸಮಾಡುವ ಡಾಕ್ಟರ್ ಫ್ರಾಂಕ್ಲಿನನ ಸಂಶೋಧನೆಯು ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಬೀಜವನ್ನು ಕುರಿತದ್ದು. ಆರೋಪಿತರಿಗೆ ಅದನ್ನು ತಿನ್ನಿಸಿ, ಬದುಕಿದವನು ನಿರಪರಾಧಿ, ಸತ್ತವನು ಅಪರಾಧಿ ಎಂದು ತೀರ್ಮಾನಿಸುವ ಪದ್ಧತಿ ಆ ನಾಡಿನಲ್ಲಿದ್ದಿತು. ಮೊದಲ ಕಾದಂಬರಿಯಲ್ಲಿ ಕಾಸರಕದ ಬೀಜದಲ್ಲಿರುವ ಸ್ಟ್ರಿಕ್ನಿನ್ ಕೇವಲ ಕೊಲೆಯ ಸಾಧನ. ಕೊನೆಯದರಲ್ಲಿ ವಿಷವೇ ನ್ಯಾಯಾಧಿಪತಿ. ಆ ಬೀಜದ ವಿಷವನ್ನು ಗಂಡನಿಗಾಗಿ ಕಾಫಿಯಲ್ಲಿ ಬೆರಸಿದ ಬಾರ್ಬರಾ ಫ್ರಾಂಕ್ಲಿನ್, ಹೇಸ್ಟಿಂಗ್ಸನು ಪುಸ್ತಕವೊಂದಕ್ಕಾಗಿ ಸುತ್ತುವ ಕಪಾಟನ್ನು ತಿರುಗಿಸಿದುದರಿಂದ ಬಟ್ಟಲುಗಳು ಅದಲುಬದಲಾಗಿ, ತಾನೇ ಸಾಯುತ್ತಾಳೆ. ಮುಂದೆ ನಾರ್ಟನನೂ ಪ್ವಾರೋವೂ ಎದುರುಬದುರು ಕುಳಿತು ಚಾಕೊಲೇಟು ಪಾನೀಯವನ್ನು ಕುಡಿಯುವಾಗ, ಸಂಶಯಗೊಂಡ ನಾರ್ಟನನು ಬಟ್ಟಲನ್ನು ಬದಲಿಸಿಕೊಳ್ಳುತ್ತಾನೆ. ಎರಡರಲ್ಲಿಯೂ ನಿದ್ರೆಯ ಮದ್ದಿದೆ. ದಿನವೂ ಅದನ್ನು ಸೇವಿಸಿ ರೂಢಿಯಾದ ಪ್ವಾರೋ ಮಾತ್ರ ಎಚ್ಚರವಾಗಿ ಉಳಿಯುತ್ತಾನೆ. ಇದು ದಿವ್ಯದ ಅಣಕ; ಇದರ ಫಲವನ್ನು ಮೊದಲೇ ಗೊತ್ತುಮಾಡಿಟ್ಟವನು ಮನುಷ್ಯ. ಪ್ವಾರೋ ನಾರ್ಟನನ ಹಣೆಯ ನಟ್ಟನಡುವೆ ಗುಂಡು ಹಾರಿಸುತ್ತಾನೆ. ಬಳಿಕ, ಎದೆಬೇನೆ ಬಂದಾಗ ಬೇಕಾಗುವ ಔಷಧವನ್ನು ತನ್ನ ಕೈಗೆಟುಕದಂತೆ ದೂರವಿಟ್ಟು ಪ್ರಾಣಬಿಡುತ್ತಾನೆ. ನಾಲ್ಕು ತಿಂಗಳ ಮೇಲೆ ಹೇಸ್ಟಿಂಗ್ಸನ ಕೈಸೇರುವ ಪತ್ರದಲ್ಲಿ, ತಾನು ಮಾಡಿದುದು ಸರಿಯೋ ತಪ್ಪೋ ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ. ಎಂದೂ ಸಂಶಯವನ್ನರಿಯದ ಪಾತ್ರದ ಬಾಯಲ್ಲಿ ಈ ಮಾತು ಬರುವುದೇ ಮಾಲೆಯ ನಿಜವಾದ ಮುಕ್ತಾಯ. ನಾರ್ಟನನಿಗೆ ಸಲ್ಲಿಸದ ನಿಜವಾದ ದಿವ್ಯಕ್ಕೆ ಅವನು ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ.

1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಕಾದಂಬರಿಯಲ್ಲಿಯೂ ಪ್ವಾರೋ ಶಾಸನವನ್ನು ಮೀರಿದವನೇ. ಅಲ್ಲಿ ಎರಡು ಸಮಾಧಾನಗಳನ್ನು ಮುಂದಿಟ್ಟು, ಸುಳ್ಳಾದುದನ್ನು ಆರಿಸಿಕೊಳ್ಳುವುದಕ್ಕೆ ಎಡೆಮಾಡಿ, ಕೊಂದವರನ್ನು ಬಿಟ್ಟುಬಿಡುತ್ತಾನೆ. ಅಲ್ಲಿನ ಕ್ಷಮೆಗೆ ಅವನು ಯಾವ ಬೆಲೆಯನ್ನೂ ತೆರುವುದಿಲ್ಲ. ಇಲ್ಲಿಯಾದರೋ ದಂಡನೆಗೆ ತನ್ನ ಪ್ರಾಣವನ್ನೇ ಸೇರಿಸಿ ತೆರುತ್ತಾನೆ.

ದೋಷಗಳೂ ಇಲ್ಲದಿಲ್ಲ. ಗಾಲಿಕುರ್ಚಿಯ ಸೋಗು, ಕೃತಕವಾದ ಕೂದಲು, ಕೃತಕವಾದ ಮೀಸೆ ಇವು ಗ್ರಂಥದ ಗಾಂಭೀರ್ಯಕ್ಕೆ ಒಗ್ಗದ ಹಳೆಯ ಚಮತ್ಕಾರಗಳು. ಕಡೆಯ ಪತ್ರದ ಮೇಲೆ ವಿವರಣೆಯ ಭಾರ ಅತಿಯಾಗಿ ಬಿದ್ದಿದೆ. ನಾರ್ಟನನ ಬಾಲ್ಯದ ಅವಮಾನಗಳನ್ನು ಕೆಲವೇ ಮಾತುಗಳಲ್ಲಿ ಹೇಳಿ ಅವನ ಕ್ರೌರ್ಯಕ್ಕೆ ಕಾರಣವನ್ನು ಒದಗಿಸಲಾಗಿದೆ. ಕಾಲದ ಲೆಕ್ಕವೂ ಹೊಂದುವುದಿಲ್ಲ: ಮೊದಲ ಮಹಾಯುದ್ಧದಲ್ಲಿಯೇ ನಿವೃತ್ತನಾಗಿದ್ದವನು 1975ರಲ್ಲಿ ನೂರು ವರ್ಷ ದಾಟಿರಬೇಕಷ್ಟೆ. ಇವೆಲ್ಲಕ್ಕಿಂತ ಗುರುತರವಾದುದು ಮತ್ತೊಂದು. ನಿರುಪಯುಕ್ತವಾದ ಜೀವಗಳನ್ನು ತೆಗೆದುಹಾಕುವುದು ತಪ್ಪಲ್ಲವೆಂದು ಜೂಡಿತ್ ವಾದಿಸುತ್ತಾಳೆ. ಆ ವಾದಕ್ಕೆ ಕೆಣಕಿ ಗಾಳಿಹಾಕುವವನು ನಾರ್ಟನನೇ. ಕಡೆಗೆ, ಇರಬಾರದ ಜೀವವೆಂದು ಒಂದನ್ನು ತೆಗೆದುಹಾಕುವವನು ಪ್ವಾರೋ. ಹಾಗಾದರೆ ನಾರ್ಟನನ ಕಡೆಯ ಪ್ರಯೋಗಕ್ಕೆ ಒಳಗಾದವನು ಪ್ವಾರೋವೇ ಅಲ್ಲವೆ? ಈ ಪ್ರಶ್ನೆಯನ್ನು ಹುಟ್ಟಿಸಿದ ಕಾದಂಬರಿಯು ಅದನ್ನು ಎದುರಿಸದೆ ಜಾರಿಕೊಳ್ಳುತ್ತದೆ. ನಾರ್ಟನನ ಅಪರಾಧವನ್ನು ಓದುಗನು ನಂಬುವುದೂ ಅವನನ್ನು ಕೊಂದವನ ಮಾತಿನ ಮೇಲೆಯೇ.

ಹೀಗಿದ್ದರೂ ಈ ಕಾದಂಬರಿಯನ್ನು ಎರಡನೆಯ ಸಲ ಓದಬಹುದು, ಓದಲೇಬೇಕು. ಮೊದಲ ಓದಿನಲ್ಲಿ ಸೌಜನ್ಯವೆಂದು ತೋರಿದ ನಾರ್ಟನನ ಒಂದೊಂದು ಮಾತೂ ಆಗ ವಿಷವಾಗಿ ಕಾಣುವುದು; ಕೊಲೆಗಾರನಾರು ಎಂಬ ಪ್ರಶ್ನೆಯು ಅಳಿದು, ಕೇಳಿದ ಮಾತಿಗೆ ಮನಸ್ಸು ಹೇಗೆ ಮಣಿಯುವುದೆಂಬ ಪ್ರಶ್ನೆಯು ಉಳಿಯುವುದು. ಪತ್ತೇದಾರಿ ವಾಙ್ಮಯವನ್ನು ಪಾಠದ ಕೋಣೆಯಿಂದ ಹೊರಗಿಟ್ಟವರಿಗೆ ಈ ಗ್ರಂಥವೊಂದೇ ಸಾಕಾದ ಉತ್ತರ.