ಕರಿಯ ಚೀಲವೂ ಒಂದು ಕಾದಂಬರಿಯೂ

1921ನೆಯ ಇಸವಿ ನವೆಂಬರ್ 30ರಂದು ಎಡ್ವರ್ಡ್ ಡೋಹೆನಿ ಎಂಬ ಎಣ್ಣೆಯ ಕುಬೇರನ ಮಗ ನೆಡ್, ಒಂದು ಲಕ್ಷ ಡಾಲರುಗಳ ನೋಟನ್ನು ಸಣ್ಣದೊಂದು ಕರಿಯ ಚೀಲದಲ್ಲಿ ತುಂಬಿಕೊಂಡು ವಾಷಿಂಗ್‌ಟನ್ನಿಗೆ ಹೋಗಿ, ಅದನ್ನು ಆಲ್ಬರ್ಟ್ ಫಾಲ್ ಎಂಬ ಮಂತ್ರಿಯ ಕೈಗೆ ಒಪ್ಪಿಸಿ ಬಂದ. ಫಾಲ್ ಮಹಾಶಯ ಅಧ್ಯಕ್ಷ ಹಾರ್ಡಿಂಗನ ರಿಪಬ್ಲಿಕನ್ ಸಂಪುಟದಲ್ಲಿ ಇಂಟೀರಿಯರ್ ಖಾತೆಯನ್ನು ನೋಡಿಕೊಳ್ಳುತ್ತಿದ್ದವನು. ಹೆಸರು ಕೇಳಿ ನಮ್ಮ ಗೃಹಖಾತೆಯೆಂದು ಭಾವಿಸಬಾರದು. ಸರ್ಕಾರಿ ಭೂಮಿ ಮತ್ತು ಅದರ ಕೆಳಗಿರುವ ಖನಿಜ ಸಂಪತ್ತು ಅದರ ವಶದಲ್ಲಿರುತ್ತದೆ. ಕೆಲವೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಎಲ್ಕ್ ಹಿಲ್ಸ್ ಎಂಬಲ್ಲಿನ ನೌಕಾದಳದ ಎಣ್ಣೆಯ ನೆಲ ಡೋಹೆನಿಯ ಕಂಪೆನಿಗೆ ಗುತ್ತಿಗೆಯಾಯಿತು. ವಯೋಮಿಂಗ್ ಪ್ರಾಂತದ ಟೀಪಾಟ್ ಡೋಮ್ ಎಂಬ ಇನ್ನೊಂದು ನೆಲ 1922ರ ಏಪ್ರಿಲಿನಲ್ಲಿ ಹ್ಯಾರಿ ಸಿಂಕ್ಲೇರ್ ಎಂಬವನ ಪಾಲಾಯಿತು. ಎರಡಕ್ಕೂ ಹರಾಜಿಲ್ಲ, ಟೆಂಡರಿಲ್ಲ.

ಈ ಹಗರಣದ ಬಿಸಿ ಆರುವ ಮೊದಲೇ, 1927ರಲ್ಲಿ, ಅದನ್ನು ಒಡಲಲ್ಲಿಟ್ಟುಕೊಂಡು ಒಂದು ಕಾದಂಬರಿ ಹೊರಬಿತ್ತು. ಹೆಸರು ‘ಆಯಿಲ್!’. ಬರೆದವನು ಅಪ್ಟನ್ ಸಿಂಕ್ಲೇರ್. ಗುತ್ತಿಗೆ ಪಡೆದ ಸಿಂಕ್ಲೇರನಿಗೂ ಕಾದಂಬರಿ ಬರೆದ ಸಿಂಕ್ಲೇರನಿಗೂ ನೆಂಟಸ್ತಿಕೆಯಿಲ್ಲ. ಒಂದೇ ಮನೆತನದ ಹೆಸರು ಕಳ್ಳನಿಗೂ ಕಾವಲುಗಾರನಿಗೂ ಇದ್ದುದು ಕೇವಲ ಆಕಸ್ಮಿಕ. ಸರ್ಕಾರದ ಲಂಚಗುಳಿತನವನ್ನು ಸಾಹಿತ್ಯಕೃತಿಯೊಂದು ಎಷ್ಟರಮಟ್ಟಿಗೆ ಹಿಡಿದುಕೊಡಬಲ್ಲುದು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದೊಡ್ಡ ಗ್ರಂಥವನ್ನು ಈಚೆಗೆ ಮತ್ತೊಮ್ಮೆ ಓದಿದೆ. ಮೊದಲ ಓದಿನಲ್ಲಿ ಕಾಣದಿದ್ದ ಗುಣವೂ ಕಂಡಿತು, ಕೊರತೆಯೂ ಕಂಡಿತು.

ಮೊದಲು ಹಿನ್ನೆಲೆ. ಯುದ್ಧನೌಕೆಗಳು ಕಲ್ಲಿದ್ದಲನ್ನು ಬಿಟ್ಟು ಎಣ್ಣೆಗೆ ಒಗ್ಗಿಕೊಳ್ಳುತ್ತಿದ್ದ ಕಾಲದಲ್ಲಿ, ಮುಂದೆಂದಾದರೂ ಎಣ್ಣೆಗೆ ಬರ ಬಂದರೆ ಇರಲೆಂದು ಅಧ್ಯಕ್ಷ ಟ್ಯಾಫ್ಟ್ 1912ರಲ್ಲಿ ಕ್ಯಾಲಿಫೋರ್ನಿಯದ ಎರಡು ನೆಲಗಳನ್ನೂ, ವಿಲ್ಸನ್ 1915ರಲ್ಲಿ ಟೀಪಾಟ್ ಡೋಮನ್ನೂ ನೌಕಾದಳಕ್ಕೆ ಮೀಸಲಿಟ್ಟರು. ನಮ್ಮ ಹಳ್ಳಿಯ ಹಗೇವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಲದೊಳಗಿನ ಧಾನ್ಯ ಆಪತ್ತಿಗೆ, ನಿತ್ಯದ ಅಡಿಗೆಗಲ್ಲ. 1921ರ ಮೇ ತಿಂಗಳಲ್ಲಿ ಹಾರ್ಡಿಂಗ್ ಹೊರಡಿಸಿದ ಆಜ್ಞೆಯೊಂದು ಈ ಹಗೇವಿನ ಮುಚ್ಚಳವನ್ನು ನೌಕಾಖಾತೆಯ ಕೈಯಿಂದ ಫಾಲನ ಕೈಗೆ ದಾಟಿಸಿತು. ಉಳಿದುದೆಲ್ಲ ಅದರಿಂದ ಹುಟ್ಟಿದ್ದು.

ಕಾದಂಬರಿ ಇಲ್ಲಿಂದ ಆರಂಭವಾಗುವುದಿಲ್ಲ. ತಂದೆ ಮಗ ಮೋಟಾರಿನಲ್ಲಿ ಕುಳಿತು ಕ್ಯಾಲಿಫೋರ್ನಿಯದ ಗುಡ್ಡಗಾಡಿನ ಹಾದಿಯಲ್ಲಿ ಹೋಗುವುದರಿಂದ ಆರಂಭವಾಗುತ್ತದೆ. ತಂದೆ ಆರ್ನಾಲ್ಡ್ ರಾಸ್, ಹಿಂದೊಮ್ಮೆ ಹೇಸರಗತ್ತೆಯ ಬಂಡಿ ಹೊಡೆಯುತ್ತಿದ್ದು, ಈಗ ಎಣ್ಣೆಯ ಬಾವಿಗಳ ಒಡೆಯ. ಮಗನಿಗೆ ಬನಿ ಎಂಬ ಮುದ್ದು ಹೆಸರು. ಈ ಮೊದಲ ಅಧ್ಯಾಯದಷ್ಟು ಜೀವಂತವಾದ ಬರವಣಿಗೆ ಸಿಂಕ್ಲೇರನ ಬೇರೆ ಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ. ಮಾಂಸದ ಕಾರ್ಖಾನೆಗಳನ್ನು ಕುರಿತ ‘ದ ಜಂಗಲ್’ (1906) ಹೆಚ್ಚು ಪ್ರಸಿದ್ಧವಾದ ಕೃತಿಯೆಂಬುದು ನಿಜ. ಅದು ಹೊರಬಂದ ವರ್ಷವೇ ಆಹಾರಶುದ್ಧಿಯ ಕಾನೂನುಗಳೂ ಬಂದುವು. ಆದರೆ ಅಲ್ಲಿ ಲೇಖಕ ಕೋಪಗೊಂಡವನು. ಇಲ್ಲಿ ಪ್ರೀತಿಸಿದವನು. ಯಾರನ್ನು? ಲಂಚ ಕೊಡುವವನನ್ನು!

ಅದೇ ಈ ಕಾದಂಬರಿಯ ದೊಡ್ಡ ಗುಣ. ರಾಸ್ ಕೆಟ್ಟವನಲ್ಲ. ಮಗನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವನು. ಕೂಲಿಯವರೊಡನೆ ಕೂಲಿಯವನಂತೆ ಮಾತಾಡಬಲ್ಲವನು. ತನ್ನ ಬಾವಿಗೆ ಸಾಮಾನು ಸಾಗಿಸಲು ಗಟ್ಟಿರಸ್ತೆ ಬೇಕಾಗುತ್ತದೆ. ಕೌಂಟಿಯ ರಾಜಕೀಯ ಮುಖಂಡನನ್ನು ಕಂಡು ಕೊಡಬೇಕಾದುದನ್ನು ಕೊಡುತ್ತಾನೆ. ಸಾರ್ವಜನಿಕರ ಹಣದಲ್ಲಿ ರಸ್ತೆಯಾಗುತ್ತದೆ. ಇದು ಸರಿಯೇ ಎಂದು ಹುಡುಗ ಕೇಳಿದರೆ, ತಂದೆಗೆ ಸಿಟ್ಟು ಬರುವುದಿಲ್ಲ. ಕೆಲಸ ಸಾಗಬೇಕಲ್ಲ ಎಂದು ತಾಳ್ಮೆಯಿಂದ ತಿಳಿಯಹೇಳುತ್ತಾನೆ. ನೂರಾರು ಪುಟಗಳಾದ ಮೇಲೆ ಇದೇ ರಾಸ್, ತನಗಿಂತ ದೊಡ್ಡವನಾದ ವರ್ನನ್ ರಾಸ್ಕೋ ಎಂಬವನ ಜೊತೆ ಸೇರಿ, ಹಾರ್ಡಿಂಗನನ್ನು ಅಧ್ಯಕ್ಷ ಪದವಿಗೆ ಏರಿಸಲು ಹಣ ಹೂಡುತ್ತಾನೆ. ನೌಕಾದಳದ ಎಣ್ಣೆಯನ್ನು ಪ್ರತಿಫಲವಾಗಿ ಪಡೆಯುತ್ತಾನೆ. ಓದುವವನಿಗೆ ಆಶ್ಚರ್ಯವೇ ಆಗುವುದಿಲ್ಲ. ಹಳ್ಳಿಯ ರಸ್ತೆಗೂ ರಾಜಧಾನಿಯ ಗುತ್ತಿಗೆಗೂ ನಡುವೆ ಮೆಟ್ಟಿಲುಗಳಿವೆಯೇ ಹೊರತು ಗೋಡೆಯಿಲ್ಲವೆಂಬುದನ್ನು, ಒಂದು ಮಾತಿನ ಉಪದೇಶವೂ ಇಲ್ಲದೆ, ಆ ರಸ್ತೆಯ ಪ್ರಸಂಗ ಮೊದಲೇ ಮನಸ್ಸಿಗೆ ತಂದುಬಿಟ್ಟಿರುತ್ತದೆ.

ಇಷ್ಟು ಚೆನ್ನಾಗಿ ಕಟ್ಟಿದವನು ಕೊನೆಕೊನೆಗೆ ಸೋಲುತ್ತಾನೆ. ಉತ್ತರಾರ್ಧದಲ್ಲಿ ಬನಿ ಒಬ್ಬ ಮನುಷ್ಯನಾಗಿ ಉಳಿಯದೆ, ಸಮಾಜವಾದಿ ಸಭೆಗಳ ವರದಿಗಾರನಾಗುತ್ತಾನೆ. ಕಾರ್ಮಿಕ ನಾಯಕ ಪಾಲ್, 1924ರ ಚುನಾವಣೆಯ ರಾತ್ರಿ ಪುಂಡರ ಏಟಿನಿಂದ ಬಿದ್ದು ಸಾಯುವ ಭಾಗ ಕಣ್ಣೀರಿಗೆಂದೇ ಬರೆದಂತಿದೆ. ಹೆಂಗಸರ ಚಿತ್ರಣವಂತೂ ಬಹಳ ತೆಳು. ಇವೆಲ್ಲ ವಿಮರ್ಶಕರು ಹಿಂದೆಯೇ ಹೇಳಿರುವ ದೋಷಗಳು. ನನ್ನ ದೂರು ಬೇರೆ.

ಈ ಕಥೆಯಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಅವನು ಮೊಂಟಾನದ ಸೆನೆಟರ್ ಥಾಮಸ್ ವಾಲ್ಷ್. ಸೆನೆಟ್ಟಿನ ವಿಚಾರಣೆಯ ಸುದ್ದಿ ಕಾದಂಬರಿಯಲ್ಲಿ ದೂರದ ಗುಡುಗಿನಂತೆ ಕೇಳಿಸುತ್ತದೆ. ಸಾಕ್ಷಿ ಹೇಳಬೇಕಾದೀತೆಂದು ರಾಸನೂ ರಾಸ್ಕೋವೂ ಯೂರೋಪಿಗೆ ಪರಾರಿಯಾಗುತ್ತಾರೆ. ರಾಸ್ ಅಲ್ಲಿಯೇ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾನೆ. ಆದರೆ ಅವರನ್ನು ಓಡಿಸಿದ ಶಕ್ತಿ ಯಾವುದು, ಅದು ಹೇಗೆ ಕೆಲಸ ಮಾಡಿತು ಎಂಬುದರಲ್ಲಿ ಸಿಂಕ್ಲೇರನಿಗೆ ಆಸಕ್ತಿಯಿಲ್ಲ. ಬಂಡವಾಳಗಾರರ ಸರ್ಕಾರ ತನ್ನನ್ನು ತಾನೇ ಶೋಧಿಸಿಕೊಳ್ಳಬಲ್ಲುದೆಂದು ಅವನು ನಂಬುವವನಲ್ಲ. ನಂಬದ ಕಾರಣ ನೋಡಲೂ ಇಲ್ಲ.

ನೋಡಿದ್ದರೆ ಅವನ ಕಲ್ಪನೆಗಿಂತ ರೋಚಕವಾದುದು ಸಿಗುತ್ತಿತ್ತು. ವಿಚಾರಣೆಯಾಗಲೆಂದು ನಿರ್ಣಯ ತಂದವನು ಆಳುವ ಪಕ್ಷದವನೇ ಆದ ವಿಸ್ಕಾನ್ಸಿನ್ನಿನ ಲಾ ಫಾಲೆಟ್. ಒಲ್ಲದ ಮನಸ್ಸಿನಿಂದ ಕೈಗೆತ್ತಿಕೊಂಡ ವಾಲ್ಷ್ ಕಡತಗಳ ರಾಶಿಯನ್ನು ತಿಂಗಳುಗಟ್ಟಲೆ ಓದಿದ. 1923ರ ಅಕ್ಟೋಬರಿನಲ್ಲಿ ಸಾಕ್ಷ್ಯ ಆರಂಭವಾದಾಗ ಕೇಳುವವರೇ ವಿರಳ. ಆಗ ನ್ಯೂ ಮೆಕ್ಸಿಕೋದ ಪತ್ರಿಕಾ ಸಂಪಾದಕನೊಬ್ಬ ಬಂದು ಸಣ್ಣದೊಂದು ಸಂಗತಿ ಹೇಳಿದ: ವರ್ಷಗಟ್ಟಲೆ ಕಂದಾಯ ಬಾಕಿಯಿದ್ದ ಫಾಲನ ಜಮೀನಿಗೆ ಈಗ ಬಾಕಿಯೆಲ್ಲ ತೀರಿದೆ, ಹೊಸ ಬೇಲಿ ಬಂದಿದೆ! ಹ್ಯಾರಿ ಸಿಂಕ್ಲೇರನ ದೊಡ್ಡಿಯಿಂದ ರಾಸುಗಳೂ ಹಂದಿಗಳೂ ಬಂದುದು ಬೆಳಕಿಗೆ ಬಂತು. ಹಣ ಎಲ್ಲಿಂದ ಬಂತೆಂದರೆ, ವೃತ್ತಪತ್ರಿಕೆಯೊಡೆಯ ಮ್ಯಾಕ್ಲೀನ್ ಸಾಲ ಕೊಟ್ಟನೆಂದು ಫಾಲ್ ಉತ್ತರಿಸಿದ. ವಾಲ್ಷ್ ಫ್ಲಾರಿಡಕ್ಕೆ ರೈಲು ಹತ್ತಿದ. ತಾನು ಅಂಥ ಸಾಲ ಕೊಟ್ಟಿಲ್ಲವೆಂದು ಮ್ಯಾಕ್ಲೀನ್ ಒಪ್ಪಿಕೊಂಡ. ಕೆಲವು ದಿನಗಳಲ್ಲೇ, 1924ರ ಜನವರಿ 24ರಂದು, ಡೋಹೆನಿ ತಾನಾಗಿಯೇ ಸಮಿತಿಯ ಮುಂದೆ ಬಂದು, ಕೊಟ್ಟವನು ನಾನು, ಹಳೆಯ ಗೆಳೆಯನಿಗೆ ಸಾಲವಾಗಿ ಕೊಟ್ಟೆ ಎಂದ. ಅವನಿಗೆ ಒಂದು ಲಕ್ಷ ಡಾಲರು ಪುಡಿಕಾಸು. ಎಲ್ಕ್ ಹಿಲ್ಸಿನಿಂದ ಅವನು ನಿರೀಕ್ಷಿಸಿದ್ದ ಲಾಭ ಹತ್ತು ಕೋಟಿ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಗುತ್ತಿಗೆಯ ಪರವಾಗಿಯೂ ನ್ಯಾಯವಾದ ವಾದವಿತ್ತು. ಪಕ್ಕದ ಖಾಸಗಿ ನೆಲದಲ್ಲಿ ಬಾವಿ ತೋಡಿದರೆ ಮೀಸಲು ನೆಲದ ಎಣ್ಣೆಯೂ ಅತ್ತ ಜಿನುಗಿ ಹೋಗುತ್ತದೆ. ನೆಲದೊಳಗೆ ಕಳೆದುಕೊಳ್ಳುವುದಕ್ಕಿಂತ ತೆಗೆದು ತೊಟ್ಟಿಯಲ್ಲಿಡುವುದು ಲೇಸು. ಡೋಹೆನಿಯ ಒಪ್ಪಂದದಲ್ಲಿ ಪರ್ಲ್ ಹಾರ್ಬರಿನಲ್ಲಿ ನೌಕಾದಳಕ್ಕೆ ಎಣ್ಣೆಯ ತೊಟ್ಟಿಗಳನ್ನು ಕಟ್ಟಿಕೊಡುವ ಕರಾರೂ ಇತ್ತು. ಸರ್ಕಾರ ಕೈಕಟ್ಟಿ ಕುಳಿತು ವ್ಯಾಪಾರಿಗೆ ಎಡೆಗೊಡಬೇಕೆಂಬುದು ಅಂದಿನ ಸಂಪ್ರದಾಯಶೀಲ ರಿಪಬ್ಲಿಕನ್ನರ ಪ್ರಾಮಾಣಿಕ ನಂಬಿಕೆ; ನಂಬಿಕೆ ಅಪರಾಧವಲ್ಲ. ಚೀಲ ಅಪರಾಧ. ವಾಲ್ಷ್ ಇವೆರಡನ್ನೂ ಬೇರೆಬೇರೆ ಇಟ್ಟು ನೋಡಿದ. ಅಪ್ಟನ್ ಸಿಂಕ್ಲೇರನಿಗೆ ಗುತ್ತಿಗೆಯೂ ಕಳವು, ಚೀಲವೂ ಕಳವು, ಲಾಭವೂ ಕಳವು; ಎಲ್ಲವೂ ಕಳವಾದ ಮೇಲೆ ಕಳ್ಳನನ್ನು ಹಿಡಿಯುವ ಗೊಡವೆ ಯಾರಿಗೆ? ಅಲ್ಲದೆ ಡೋಹೆನಿ ಸ್ವತಃ ಡೆಮಾಕ್ರಾಟ್ ಪಕ್ಷದವನು. ಲಂಚಕ್ಕೆ ಪಕ್ಷದ ಬಣ್ಣ ಪೂರ್ತಿ ಹಿಡಿಯುವುದಿಲ್ಲ.

ಪುಸ್ತಕದ ಭಾಗ್ಯವೂ ವಿಚಿತ್ರ. ಬಾಸ್ಟನ್ ನಗರದಲ್ಲಿ ಅದನ್ನು ನಿಷೇಧಿಸಿದರು. ದೇಶದ ಎಣ್ಣೆ ಕದ್ದ ವಿಷಯಕ್ಕಲ್ಲ. ಒಂದು ಪ್ರಣಯ ಪ್ರಸಂಗಕ್ಕೆ! ಸಿಂಕ್ಲೇರ್ ಆ ಪುಟಗಳ ಮೇಲೆ ಅಂಜೂರದ ಎಲೆಯ ಚಿತ್ರವನ್ನು ಮುದ್ರಿಸಿ, ಎದೆಗೂ ಅಂಥದೇ ಹಲಗೆ ಕಟ್ಟಿಕೊಂಡು ಬೀದಿಯಲ್ಲಿ ನಿಂತು ಮಾರಿದ. ಇನ್ನೊಂದು ತಮಾಷೆ: ಹ್ಯಾರಿ ಸಿಂಕ್ಲೇರನ ಬಾಂಡುಗಳನ್ನು 1920ರ ಚುನಾವಣೆಯ ಸಾಲ ತೀರಿಸಲೆಂದು ಪಡೆದ ರಿಪಬ್ಲಿಕನ್ ಪಕ್ಷದ ನಾಯಕ ವಿಲ್ ಹೇಸ್, 1922ರಿಂದ ಹಾಲಿವುಡ್ಡಿನ ಚಿತ್ರಗಳ ಶೀಲವನ್ನು ಕಾಯುವ ಕೆಲಸಕ್ಕೆ ನೇಮಕವಾಗಿದ್ದ.

ಹಾಲಿವುಡ್ಡೇ 2007ರಲ್ಲಿ ಈ ಕಾದಂಬರಿಯನ್ನು ಕೈಗೆತ್ತಿಕೊಂಡಿತು. ಪಾಲ್ ಥಾಮಸ್ ಆಂಡರ್‌ಸನ್ ನಿರ್ದೇಶಿಸಿದ ‘ದೇರ್ ವಿಲ್ ಬಿ ಬ್ಲಡ್’ ಅಸಾಧಾರಣ ಚಿತ್ರ. ಡೇನಿಯಲ್ ಡೇ ಲೂಯಿಸನ ಅಭಿನಯಕ್ಕೆ ಆಸ್ಕರ್ ಸಂದಿತು. ಆದರೆ ಚಿತ್ರ ಕಾದಂಬರಿಯ ಆರಂಭದ ಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ಹಾರ್ಡಿಂಗ್ ಇಲ್ಲ, ಮಂತ್ರಿಯಿಲ್ಲ, ನೌಕಾದಳವಿಲ್ಲ. ಮಮತೆಯ ತಂದೆ ಮಾಯವಾಗಿ, ಮನುಷ್ಯರನ್ನೇ ದ್ವೇಷಿಸುವ ಒಂಟಿ ರಾಕ್ಷಸ ಬಂದಿದ್ದಾನೆ. ಕೊಲೆ ನಡೆಯುವ ಕೊನೆಯ ದೃಶ್ಯದ ಕಾಲ 1927. ಅದನ್ನು ಚಿತ್ರಿಸಿದ್ದು ಬೆವರ್ಲಿ ಹಿಲ್ಸಿನ ಗ್ರೇಸ್ಟೋನ್ ಮಹಲಿನಲ್ಲಿ. ಆ ಮಹಲು ಡೋಹೆನಿ ತನ್ನ ಮಗ ನೆಡ್‌ನಿಗಾಗಿ ಕಟ್ಟಿಸಿಕೊಟ್ಟದ್ದು. ಚೀಲ ಹೊತ್ತ ಆ ನೆಡ್ 1929ರ ಫೆಬ್ರವರಿಯಲ್ಲಿ ಅಲ್ಲಿಯೇ ಗುಂಡೇಟಿನಿಂದ ಸತ್ತ. ಅಷ್ಟು ಹತ್ತಿರ ಹೋದ ಕ್ಯಾಮೆರಾ ಚೀಲವನ್ನು ಕಾಣಲಿಲ್ಲ. ರಾಕ್ಷಸನಾದರೆ ನೋಡಿ ಬೆಚ್ಚಬಹುದು. ಕಾದಂಬರಿಯ ರಾಸನಲ್ಲಿ ಮಾತ್ರ ನಮ್ಮ ಪರಿಚಯದವರ ಮುಖ ಕಾಣುತ್ತದೆ. ಈ ಒಂದು ಕಾರಣಕ್ಕೆ, ಕಲೆಯಲ್ಲಿ ಎಷ್ಟೋ ಮೇಲಾದ ಚಿತ್ರಕ್ಕಿಂತ ಕುಂಟುವ ಕಾದಂಬರಿಯೇ ನನಗೆ ಹೆಚ್ಚಿನದು.

ಇದು ಹಳೆಯ ಕಥೆಯೆನ್ನುವವರು ಒಹಾಯೊ ಪ್ರಾಂತವನ್ನು ನೋಡಬಹುದು, ಹಾರ್ಡಿಂಗನೂ ಅಲ್ಲಿಯವನೇ. 2019ರಲ್ಲಿ ಅಲ್ಲಿನ ಶಾಸನಸಭೆ, ನಷ್ಟದಲ್ಲಿದ್ದ ಎರಡು ಅಣುವಿದ್ಯುತ್ ಸ್ಥಾವರಗಳನ್ನೂ ಕೆಲವು ಕಲ್ಲಿದ್ದಲ ಸ್ಥಾವರಗಳನ್ನೂ ಬಳಕೆದಾರರ ಹಣದಿಂದ ಉಳಿಸುವ ಕಾನೂನು ಮಾಡಿತು. ಅದರ ಹಿಂದೆ ಸುಮಾರು 6 ಕೋಟಿ ಡಾಲರುಗಳ ಲಂಚವಿತ್ತೆಂದು 2020ರಲ್ಲಿ ಸಭಾಧ್ಯಕ್ಷ, ರಿಪಬ್ಲಿಕನ್ನನಾದ ಲ್ಯಾರಿ ಹೌಸ್‌ಹೋಲ್ಡರ್ ಸೆರೆಯಾದ. 2023ರಲ್ಲಿ ಅವನಿಗೆ 20 ವರ್ಷಗಳ ಶಿಕ್ಷೆ ವಿಧಿಸಿದರು. ಈಗ ಚೀಲದ ಬದಲು ದಾನಿಗಳ ಹೆಸರು ಹೇಳಬೇಕಾಗಿಲ್ಲದ ಒಂದು ಸಂಘ. ಬನಿಯ ತಂದೆಗೆ ಈ ಅನುಕೂಲವಿದ್ದಿದ್ದರೆ ಯೂರೋಪಿಗೆ ಓಡಬೇಕಾಗುತ್ತಿರಲಿಲ್ಲವೇನೋ.

ಟೀಪಾಟ್ ಡೋಮಿನ ಗುತ್ತಿಗೆಗಳು ಮೋಸದವೆಂದು ಸುಪ್ರೀಂ ಕೋರ್ಟು 1927ರಲ್ಲಿ ರದ್ದುಮಾಡಿತು. ಜ್ಯೂರಿಯ ಹಿಂದೆ ಪತ್ತೇದಾರರನ್ನು ಬಿಟ್ಟುದಕ್ಕೂ, ಸೆನೆಟ್ಟಿಗೆ ಉತ್ತರ ಹೇಳದಿದ್ದುದಕ್ಕೂ ಹ್ಯಾರಿ ಸಿಂಕ್ಲೇರ್ ಕೆಲವು ತಿಂಗಳು ಸೆರೆಮನೆ ಕಂಡ. ಆದರೆ ಕಾದಂಬರಿಕಾರ ತುಸು ತಾಳಿದ್ದರೆ ಇದಕ್ಕಿಂತ ಒಳ್ಳೆಯ ಉಪಸಂಹಾರ ದೊರಕುತ್ತಿತ್ತು. 1929ರ ಅಕ್ಟೋಬರಿನಲ್ಲಿ ಒಂದು ಜ್ಯೂರಿ, ಡೋಹೆನಿಯಿಂದ ಫಾಲ್ ಪಡೆದದ್ದು ಲಂಚವೆಂದು ತೀರ್ಮಾನಿಸಿತು. ಅಮೆರಿಕದ ಮಂತ್ರಿಯೊಬ್ಬ ಅಧಿಕಾರದಲ್ಲಿದ್ದಾಗ ಮಾಡಿದ ಅಪರಾಧಕ್ಕೆ ಸೆರೆಮನೆಗೆ ಹೋದದ್ದು ಅದೇ ಮೊದಲು. 1930ರ ಮಾರ್ಚಿನಲ್ಲಿ ಇನ್ನೊಂದು ಜ್ಯೂರಿ, ಅದೇ ಹಣವನ್ನು ಕೊಟ್ಟ ಡೋಹೆನಿ ಲಂಚ ಕೊಡಲಿಲ್ಲವೆಂದು ಅವನನ್ನು ಬಿಟ್ಟುಬಿಟ್ಟಿತು. ಫಾಲ್ ಒಂಬತ್ತು ತಿಂಗಳ ಸೆರೆವಾಸ ಮುಗಿಸಿ ರೋಗಿಯಾಗಿ ಊರಿಗೆ ಹಿಂದಿರುಗಿದ. ಕೆಲವು ವರ್ಷಗಳಾದ ಮೇಲೆ ಡೋಹೆನಿಯ ಕಂಪೆನಿ, ಸಾಲ ತೀರಲಿಲ್ಲವೆಂಬ ಕಾರಣಕ್ಕೆ, ಆ ಜಮೀನನ್ನು ಹೊಸ ಬೇಲಿಯ ಸಮೇತ ತನ್ನ ವಶಕ್ಕೆ ತೆಗೆದುಕೊಂಡಿತು.