ಮೂರಡಿ ಜಾಗಕ್ಕೊಂದು ಮರ

ಹುಣಸೂರು, ಕೆ.ಆರ್. ನಗರದ ಹೊಸ ಬಡಾವಣೆಗಳಲ್ಲಿ 30–40ರ ಸೈಟಿನಲ್ಲಿ ಮನೆ ಎದ್ದ ಮೇಲೆ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವುದು ಹೆಚ್ಚೆಂದರೆ 3 ಅಡಿ. ಅಷ್ಟರಲ್ಲೇ ಮರವೂ ಬೇಕೆನ್ನುವವರು ನರ್ಸರಿಗೆ ಹೋಗಿ ಅಶೋಕ ಕೇಳುತ್ತಾರೆ. ಸೀತೆಯ ಅಶೋಕವಲ್ಲ, ಕೊಂಬೆಗಳನ್ನು ಮೈಗಂಟಿಸಿ ಇಳಿಬಿಟ್ಟುಕೊಂಡು ನೆಟ್ಟಗೆ ಏರುವ, ಶಾಲೆ, ಕಲ್ಯಾಣ ಮಂಟಪಗಳ ಮುಂದಿನ ಅದೇ ಮರ.

ಅದರ ಮೇಲೆ ನನಗೆ ಹಗೆಯೇನಿಲ್ಲ. ಅಂಚು ಅಲೆಯಲೆಯಾದ ಅದರ ಎಲೆ ತಿಂದೇ ಹಸಿರು ಚುಕ್ಕೆಯ ಚಿಟ್ಟೆಯೊಂದರ ಮರಿಹುಳು ಬೆಳೆಯುತ್ತದೆ. ಆದರೆ ತಂತಿಗೆ ತಾಗಿತೆಂದು ತುದಿ ಕಡಿದಿರೋ, ಕೆಟ್ಟಿತು. ಕಡಿದಲ್ಲಿಂದ ನಾಲ್ಕಾರು ಚಿಗುರು ಒಟ್ಟಿಗೆ ಎದ್ದು ಮರ ತಲೆಕೆಳಗಾದ ಪೊರಕೆಯಾಗುತ್ತದೆ.

ಪಿರಿಯಾಪಟ್ಟಣದ ಹಾದಿಯಲ್ಲಿ ಹೊಗೆಸೊಪ್ಪಿನ ಹೊಲದ ಬದುಗಳ ಮೇಲೆ ಸಿಲ್ವರ್ ಓಕ್ ಮರಗಳ ಸಾಲು ನೋಡಿ ಮನಸೋತವರೂ ಇದ್ದಾರೆ. ಗಾಳಿ ಬೀಸಿದಾಗ ಎಲೆಯ ಬೆಳ್ಳಿ ಬೆನ್ನು ಮಿಂಚುವುದು ಚಂದವೇ. ಕೊಡಗಿನ ಕಾಫಿ ತೋಟದಲ್ಲಿ ಅದು ನೀಟಾಗಿ ನಿಂತಿರುವುದು ಅಡ್ಡಕೊಂಬೆ ಸವರುವ ಕತ್ತಿಯಿಂದ. ಮನೆ ಪಕ್ಕದಲ್ಲಿ ಆ ಕೆಲಸ ಯಾರು ಮಾಡುತ್ತಾರೆ? ಉದುರಿದ ಎಲೆ ತಾರಸಿಯ ಪೈಪು ಕಟ್ಟುತ್ತದೆ, ಬಿರುಗಾಳಿಗೆ ಕೊಂಬೆ ಲಟಕ್ಕೆನ್ನುತ್ತದೆ. ಎಚ್.ಡಿ. ಕೋಟೆ ಕಡೆಯ ಹೆಬ್ಬೇವು, ತೇಗ ಹೊಲಕ್ಕೇ ಸರಿ.

ನನ್ನ ಓಟು ಅಡಿಕೆಗೆ. ತೋಟದಲ್ಲೇ ಅದಕ್ಕೆ 9 ಅಡಿ ಅಂತರ ಸಾಕು. ತೆಂಗಿಗೆ ಬೇಕಾದುದು ಅದರ ಮೂರು ಪಟ್ಟು. ಮೊದಲ ನಾಲ್ಕೈದು ವರ್ಷ ಸೋಗೆ ಗೋಡೆಗೆ ಉಜ್ಜುತ್ತದೆ, ಸಹಿಸಿಕೊಳ್ಳಿ. ತಲೆ ಸಜ್ಜೆ ದಾಟಿದ ಮೇಲೆ ಕೆಳಗೆ ಉಳಿಯುವುದು ಒಂದು ಗೇಣು ದಪ್ಪದೊಳಗಿನ ಕಾಂಡ ಮಾತ್ರ. ಬೇರು ತಂತು ತಂತಾಗಿ ಹರಡುವುದರಿಂದ ಪಾಯಕ್ಕೂ ಭಯವಿಲ್ಲ. ಬುಡಕ್ಕೊಂದು ವೀಳ್ಯದ ಬಳ್ಳಿ ಹಬ್ಬಿಸಿದರೆ ಎಲೆ ಅಡಿಕೆ ಎರಡೂ ಮನೆಯಲ್ಲೇ.

ಸಸಿ ಆರಿಸುವಾಗ ಉದ್ದಕ್ಕೆ ಮರುಳಾಗಬೇಡಿ. ಒಂದೂವರೆ ವರ್ಷದ, ಗಿಡ್ಡಗಿನ, ಬುಡ ದಪ್ಪವಿರುವ, ಐದಾರು ಎಲೆ ಬಿಟ್ಟ ಸಸಿ ಒಳ್ಳೆಯದು. ಏಣಿಯಿಂದಲೇ ಗೊನೆ ಇಳಿಸುವ ಆಸೆಯಿದ್ದರೆ ವಿಟ್ಲದ ಸಂಶೋಧನಾ ಕೇಂದ್ರದವರು ಹೀರೇಹಳ್ಳಿ ಕುಳ್ಳ ಅಡಿಕೆಯನ್ನು ಬಳಸಿ ರೂಪಿಸಿದ ಗಿಡ್ಡ ಹೈಬ್ರಿಡ್ ತಳಿಗಳಿವೆ.

ಎಲ್ಲಕ್ಕಿಂತ ಮುಖ್ಯ, ದಿಕ್ಕು. ಅಡಿಕೆಗೆ ನೆರಳಿಲ್ಲದ ನೈಋತ್ಯದ ಸಂಜೆಬಿಸಿಲು ಆಗದು. ಅದು ಬಡಿದ ಕಡೆ ಕಾಂಡ ಹಳದಿಯಾಗಿ, ಕಂದಾಗಿ, ಉದ್ದಕ್ಕೆ ಸೀಳುತ್ತದೆ. ಮುಂದೊಂದು ದಿನ ಗಾಳಿಗೆ ಸರಿಯಾಗಿ ಅಲ್ಲೇ ಮುರಿಯುತ್ತದೆ. ತೋಟಗಳಲ್ಲಿ ಉತ್ತರ–ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ನೆಡುವುದು ಇದಕ್ಕೇ. ಸೈಟಿನಲ್ಲಿ ಸಾಲು ಓರೆ ಮಾಡಲಾಗದು, ಆದರೆ ಮನೆಯ ಪೂರ್ವಕ್ಕೋ ಉತ್ತರಕ್ಕೋ ನೆಟ್ಟರೆ ಗೋಡೆಯೇ ಕೊಡೆ ಹಿಡಿಯುತ್ತದೆ. ಪಶ್ಚಿಮದಲ್ಲೇ ಜಾಗವಿದ್ದರೆ ಕಾಂಡಕ್ಕೆ ಸುಣ್ಣ ಬಳಿಯಿರಿ, ಇಲ್ಲವೇ ಬಿದ್ದ ಹಾಳೆಯನ್ನೇ ಸುತ್ತಿ ಕಟ್ಟಿ.

ಕೆ.ಆರ್. ನಗರದ ನಾಲೆ ಬಯಲಿನ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಬುಡ ಏರಿಸಿ ನೆಡಬೇಕು. ಹುಣಸೂರಿನ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದು, ಹಾಗಾಗಿ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರಾದರೂ ತಪ್ಪಬಾರದು. ಗುಳಿ ತೋಡುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿ. ಮೇಲೆ ಕರೆಂಟಿನ ತಂತಿಯಿದ್ದರೆ ಅಡಿಕೆಯೂ ಬೇಡ, ಕರಿಬೇವು ಹಾಕಿ.